ಪರಸಿಯ ಮೇಲಿನ ಮನುಷ್ಯ

ಮಿರಗದ ಮಳೆ ಕೂಡಿದ ಮೂರನೆಯ ದಿನ ಶಹಾಬಾದಿನ ಮೇಲೆ ಮೋಡ ಕಟ್ಟಿತು. ಲಲಿತಾಬಾಯಿ ಬೆಳಗಿನಿಂದ ಕಿವಿಗೊಟ್ಟು ಕೂತಿದ್ದಳು. ಕಲ್ಲಿನ ಖಣಿಯ ಕಡೆಯಿಂದ ಸುತ್ತಿಗೆ ಸಪ್ಪಳ ಬರಲಿಲ್ಲ. ಮಳೆ ಹತ್ತಿದರೆ ಖಣಿಯೊಳಗೆ ನೀರು ನಿಂತು ನಾಲ್ಕು ತಿಂಗಳು ಕೆಲಸ ಬಂದ್. ಸಪ್ಪಳ ಇಲ್ಲ ಅಂದರೆ ಒಳಗೆ ಯಾರೂ ಇಲ್ಲ. ಯಾರೂ ಇಲ್ಲ ಅಂದರೆ ತಾನು ಬರೆಯಬಹುದು.

ಒಂಬತ್ತು ವರ್ಷದಿಂದ ಅವಳು ಒಂದು ಸಾಲು ಬರೆದಿರಲಿಲ್ಲ. ಅರವತ್ತೈದನೆಯ ಇಸವಿಯಲ್ಲಿ ಅವಳ ಕಾದಂಬರಿ ಅಚ್ಚಾಗಿತ್ತು. ಅದರಲ್ಲಿ ಕಲ್ಲು ಒಡೆಯುವವನೊಬ್ಬ ಖಣಿಯಲ್ಲಿ ಬಂಡೆ ಜಾರಿ ಸಾಯುತ್ತಾನೆ. ಪುಸ್ತಕ ಬಂದು ಮೂರು ತಿಂಗಳಿಗೆ ಪಕ್ಕದ ಮನೆಯ ಫಕೀರಸಾಬ ಖಣಿಯಲ್ಲಿ ಹಾಗೆಯೇ ಸತ್ತ. ಆ ನಡಿಗೆ, ಆ ನಗು, ಮಾತಿಗೊಮ್ಮೆ ಮೂಗು ತಿಕ್ಕುವ ಚಟ, ಎಲ್ಲ ಫಕೀರಸಾಬನದೇ ಕದ್ದು ಬರೆದದ್ದು ಅಂತ ಅವಳಿಗೆ ಗೊತ್ತಿತ್ತು. ಓಣಿಯವರು ಏನೂ ಅನ್ನಲಿಲ್ಲ. ಅವಳ ಕೈ ಮಾತ್ರ ಅವತ್ತಿಗೇ ನಿಂತಿತು.

ಅವಳು ಬರೆಯುವ ರೀತಿಯೇ ಬೇರೆ. ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಅಕ್ಷರ ತಿದ್ದಿಸಿದವ ಅಪ್ಪ, ಅದೂ ಮನೆಯ ಪರಸಿ ಕಲ್ಲಿನ ಮೇಲೆ. ದೊಡ್ಡವಳಾದ ಮೇಲೂ ಪಡಸಾಲೆಯ ಪರಸಿ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಗಟ್ಟಿಯಾಗಿ ಓದಿ, ತಿದ್ದಿ, ಆಮೇಲೆ ವಹಿಗೆ ಇಳಿಸುವುದು.

ಬಾಗಿಲ ಹತ್ತಿರದ ಕಲ್ಲಿನಿಂದ ಸುರು ಮಾಡಿದಳು. ಮೊದಲ ಸಾಲು ಒರೆಸಿದಳು. ಎರಡನೆಯದೂ ಹೋಯಿತು. ಮೂರನೆಯದು ನಿಂತಿತು; ಆಮೇಲೆ ಕೈ ತಾನೇ ಓಡಿತು. ಮೊಣಕಾಲೂರಿ ಹಿಂದಕ್ಕೆ ಸರಿಯುತ್ತ ಏಳು ಕಲ್ಲು ತುಂಬಿಸಿ, ಎದ್ದು ನಿಂತು ಓದಿದಳು. ಎಡಗಿವಿಗೆ ಬೀಡಿ ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಖಣಿಯ ಮೆಟ್ಟಿಲು ಇಳಿಯುತ್ತಿದ್ದ.

ಎಡಗಿವಿಯಲ್ಲಿ ಬೀಡಿ ಇಡುವವ ಆ ಓಣಿಗೆ ಒಬ್ಬನೇ. ಬಾಬುಮಿಯಾ. ಫಕೀರಸಾಬನ ಹೆಂಡತಿ ಇಮಾಮ್ಬೀಯ ತಮ್ಮ.

ಖಣಿ ಬಂದ್ ಅದ, ಖಣಿ ಬಂದ್ ಅದ, ಅಂತ ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಗುಡುಗು ಹೊಡೆಯಿತು. ಇಮಾಮ್ಬೀ ಸೆರಗು ತಲೆಗೆ ಎಳೆದುಕೊಂಡು ಒಳಗೆ ಬಂದಳು.

"ಲಲಿತಾ, ನಮ್ಮ ಬಾಬು ಈ ಕಡಿ ಬಂದನೇನ?"

"ಎಲ್ಲಿಗಿ ಹೋಗ್ಯಾನ್ರಿ ಆಪಾ?"

"ಖಣಿಗಿ. ಇವತ್ತ ಒಡಿಯೂದಿಲ್ಲ. ಸೀಳಿದ ಕಲ್ಲು, ಸಾಮಾನು, ನೀರು ತುಂಬೂದರೊಳಗ ಮ್ಯಾಲ ತರೂದಂತ."

ಮಳೆ ಒಮ್ಮೆಲೇ ಸುರಿಯಿತು. ಲಲಿತಾಬಾಯಿ ಅಡಿಗೆಮನೆಗೆ ಓಡಿ ಒದ್ದೆ ಅರಿವೆ ತಂದು ನೆಲಕ್ಕೆ ಬಾಗಿದಳು. ಇಮಾಮ್ಬೀ ಅವಳ ಮುಂಗೈ ಹಿಡಿದಳು.

"ಹುಚ್ಚು ಹಿಡದದೇನ? ಏನ್ ಮಾಡ್ಲಿಕತ್ತೀ?"

"ಅಳಸ್ತೀನ್ರಿ ಆಪಾ. ಬಾಬುನ ಬರದೀನಿ. ಫಕೀರಣ್ಣಗೂ ಹಿಂಗೇ ಬರದಿದ್ದೆ." ಒಂಬತ್ತು ವರ್ಷದಲ್ಲಿ ಆ ಮಾತು ಮೊದಲ ಸಲ ಬಾಯಿಂದ ಬಿತ್ತು.

"ಗೊತ್ತದ. ಅವರಿಗೂ ಗೊತ್ತಿತ್ತು. ನೀ ಕಟ್ಟಿ ಮ್ಯಾಲ ಕುಂತು ಆ ಪುಸ್ತಕ ಓದಿ ಹೇಳಿದಿ ನೋಡು, ಅವತ್ತ ಮನಿಗಿ ಬಂದು ನಕ್ಕಿದ್ದೇ ನಕ್ಕಿದ್ದು. ‘ಮೂರೇ ಸಾಲಿನ್ಯಾಗ ನನಗ ಸಾಯಿಸ್ಯಾಳ, ಭಾಳ ಕಂಜೂಸ್ ಹೆಣ್ಣು’ ಅಂದ್ರು."

"ಆಪಾ, ಅವರು ಹೋಗಿದ್ದು..."

"ಕಲ್ಲು ಬಿದ್ದು ಹೋದ್ರು. ನಿನ್ನ ಸುಣ್ಣದ ತುಂಡಿಗಿ ಅಷ್ಟು ತಾಕತ್ತಿದ್ರ ಮೊದಲ ನನ್ನ ಸೊಸಿ ಬಾಯಿ ಬಂದ್ ಮಾಡು."

ಅಂದಳು ಖರೆ, ಲಲಿತಾಳ ಕೈ ಮಾತ್ರ ಬಿಡಲಿಲ್ಲ. ಕಣ್ಣು ಬಾಗಿಲ ಕಡೆ. ಓಣಿಯಲ್ಲಿ ಕೆಂಪು ನೀರು ಹರಿಯಲಿಕ್ಕೆ ಹತ್ತಿತ್ತು. ಇಮಾಮ್ಬೀ ನೆಲದ ಅಕ್ಷರ ನೋಡಿದಳು. ಓದು ಅವಳಿಗೆ ಬರುತ್ತಿರಲಿಲ್ಲ.

"ಈಗ ಎಲ್ಲಿದ್ದಾನ, ಇದರಾಗ?"

"ಕೆಳಗ. ಖಣಿಯೊಳಗ."

"ಅಲ್ಲೇ ಬಿಟ್ಟು ಒರಸ್ತೀಯೇನ, ನನ್ನ ತಮ್ಮಗ?" ಇಮಾಮ್ಬೀ ಅರಿವೆ ಕಸಿದು ಬಿಸಾಕಿದಳು. "ಮ್ಯಾಲ ತಗೊಂಡು ಬಾ ಅವಗ."

ಲಲಿತಾಬಾಯಿ ಕೂತಳು. ಸುಣ್ಣ ಎರಡು ಸಲ ಮುರಿಯಿತು. ಇಳಿಸುವುದು ಹಗುರ, ಏರಿಸುವುದು ಅವಳಿಗೆ ಗೊತ್ತೇ ಇರಲಿಲ್ಲ. ಅವನ ಹೆಗಲ ಮೇಲೆ ಹಗ್ಗ ಹಾಕಿದಳು, ಕಾಲಡಿ ಜಾರುವ ಕೆಸರು ಹಾಕಿದಳು, ಒಂದೊಂದೇ ಮೆಟ್ಟಿಲು ಬರೆದಳು. ಬಾಗಿಲಿಂದ ಎರಚಲು ಬಂದು ಮೊದಲ ಕಲ್ಲಿನ ಸಾಲುಗಳು ತೊಳೆದುಹೋದವು. ಅವಳು ಒಳಗೆ ಒಳಗೆ ಸರಿದಳು.

"ಎಲ್ಲಿಗಿ ಬಂದ?"

"ಅರ್ಧಕ್ಕ, ಆಪಾ."

"ಬರಿ, ಬರಿ."

ಎಷ್ಟೋ ಹೊತ್ತಿಗೆ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಬಾಬುಮಿಯಾ ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತಿದ್ದ. "ಆಪಾ, ಮನಿ ಬಿಟ್ಟು ಇಲ್ಲೇನ್ ಮಾಡ್ಲಿಕತ್ತೀ? ಹಸದೀನಿ."

ಇಮಾಮ್ಬೀ ಅವನ ಬೆನ್ನಿಗೊಂದು ಗುದ್ದಿ ಅಳಲಿಕ್ಕೆ ಹತ್ತಿದಳು.

ಲಲಿತಾಬಾಯಿ ತಲೆ ಎತ್ತಿ ಒಮ್ಮೆ ಅವನನ್ನು ನೋಡಿದಳು, ಮತ್ತೆ ಬಾಗಿದಳು. ಇನ್ನೊಂದು ಮೆಟ್ಟಿಲು ಬರೆದಳು. ಕಲ್ಲಿನ ಮೇಲಿನ ಮನುಷ್ಯ ಇನ್ನೂ ಮೇಲೆ ಬಂದಿರಲಿಲ್ಲ.