ನಡುಗುವ ಕೈಯ ಬೀಡಿ

ಅಳದಂಗಡಿಯ ಸೇಸಮ್ಮ ಸುತ್ತಿದ ಬೀಡಿಯಲ್ಲಿ ಮೂವತ್ತು ವರ್ಷ, ಒತ್ತಿ ನೋಡುವ ಚೆಕ್ಕರಿಗೆ ಬಿಸಾಡಲು ಒಂದೂ ಸಿಕ್ಕಿರಲಿಲ್ಲ. ಈಗ ಮೂರು ವಾರದಿಂದ ಬೀಡಿ ಕಂಪೆನಿಯ ಬ್ರಾಂಚಿನ ಮೇಜಿನಿಂದ ಅವಳ ಕಟ್ಟುಗಳೇ ವಾಪಸು ಬರುತ್ತಿದ್ದವು.

ಕಾರಣ ಮಾತ್ರೆ. ಕೂತಲ್ಲಿ ಎದೆ ಹೊಡೆದುಕೊಂಡು, ಬೆವರಿ, ಈಗ ಸತ್ತೆ ಎನ್ನಿಸುವ ಹೆದರಿಕೆಗೆ ಬೆಳ್ತಂಗಡಿಯ ಡಾಕ್ಟ್ರಮ್ಮ ಬರೆದುಕೊಟ್ಟದ್ದು. ಹೆದರಿಕೆ ಇಳಿಯಿತು; ಬೆರಳು ನಡುಗಲು ಹಿಡಿಯಿತು. ಎಲೆ ಸುತ್ತುವ ಮೊದಲೇ ಹೊಗೆಸೊಪ್ಪು ಮಡಿಲಿಗೆ ಚೆಲ್ಲುತ್ತಿತ್ತು.

"ಬಿಡಿ ಸೇಸಕ್ಕ, ಅದು ಮಂಡೆ ಸರಿ ಇಲ್ಲದವರ ಮಾತ್ರೆ," ಎಂದಳು ನೆರೆಮನೆಯ ರುಖಿಯಮ್ಮ.

ಸೇಸಮ್ಮ ಯಾರನ್ನೂ ಕೇಳದೆ ಮಾತ್ರೆ ಬಿಟ್ಟಳು. ಕೆಲವು ದಿನಕ್ಕೆ ಬ್ರಾಂಚಿನ ದಾರಿಯಲ್ಲಿ ಉಸಿರು ಸಿಗದೆ, ಬೀಡಿಯ ಚೀಲ ಅವಚಿಕೊಂಡು ಮೋರಿಯ ಕಟ್ಟೆಯಲ್ಲಿ ಕುಸಿದಳು. ರಿಕ್ಷಾ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದವಳೂ ರುಖಿಯಮ್ಮನೇ.

"ನಡುಕ ಬಂದ್ರೆ ನನ್ನ ಹತ್ರ ಹೇಳ್ಲಿಕ್ಕೆ ಬಾಯಿ ಇಲ್ವಾ?" ಡಾಕ್ಟ್ರಮ್ಮ ಗದರಿದರು. "ಮಾತ್ರೆ ಕಡಿಮೆ ಮಾಡಿ ಕೊಡ್ತೇನೆ. ನಡುಕ ನಿಧಾನ ಹೋಗ್ತದೆ. ಆದ್ರೆ ನೀವೇ ನಿಲ್ಲಿಸ್ಲಿಕ್ಕಿಲ್ಲ."

ಮತ್ತೆ ಶುರು ಮಾಡಿದಳು. ಒಂದು ದಿನ ಹಗುರ, ಇನ್ನೊಂದು ದಿನ ಎದ್ದೇಳುವುದೇ ಬೇಡ. ಬೆರಳೂ ಹಾಗೆಯೇ.

ಹದಿನೈದು ದಿನದ ಮೇಲೆ ಬ್ರಾಂಚಿನಲ್ಲಿ ಚೆಕ್ಕರ್ ಅಬ್ದುಲ್ ರವೂಫ್ ಅವಳ ಒಂದು ಕಟ್ಟನ್ನು ಬದಿಗೆ ತಳ್ಳಿದ.

"ಇನ್ನು ನಿಮ್ಮಿಂದ ಆಗ್ಲಿಕ್ಕಿಲ್ಲ ಸೇಸಕ್ಕ. ನಿಮ್ಮ ಕೆಲಸದ ಕಾರ್ಡ್ ಬೇರೆ ಯಾರಿಗಾದ್ರೂ ಕೊಡುವ."

ಸಾಲಿನ ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. "ಮಂಡೆಯ ಮಾತ್ರೆ!"

ಸೇಸಮ್ಮ ಆ ಕಟ್ಟನ್ನು ಎತ್ತಿಕೊಂಡು ಮೇಜಿನ ಎದುರಲ್ಲೇ ನೆಲದ ಮೇಲೆ ಕೂತಳು. ಒಂದೊಂದರ ನೂಲು ಬಿಚ್ಚಿ ಪುನಃ ಸುತ್ತತೊಡಗಿದಳು. ಒಂದು ಬೀಡಿ ಜಾರಿ ಬಿತ್ತು. ಹೆಕ್ಕಿ ಮತ್ತೆ ಸುತ್ತಿದಳು.

"ಲೈನ್ ನಿಂತಿತು ಮಾರಾಯ್ತಿ!" ಸಾಲಿನಿಂದ ಒಬ್ಬಳು ಕೂಗಿದಳು.

"ನಿಲ್ಲಲಿ. ಮೂವತ್ತು ವರ್ಷ ನಾನು ನಿಂತದ್ದುಂಟು."

ರುಖಿಯಮ್ಮ ತನ್ನ ಚೀಲ ಕೆಳಗಿಟ್ಟು ಅವಳ ಪಕ್ಕ ಕೂತಳು. ಕೈ ಹಾಕಲು ಹೋದಾಗ ಸೇಸಮ್ಮ ತಡೆದಳು. "ಬೇಡ. ನನ್ನ ಕೈಯದ್ದೇ ಆಗ್ಬೇಕು."

ಕಟ್ಟಿನ ಇಪ್ಪತ್ತೈದೂ ಆಯಿತು. ರವೂಫ್ ಒತ್ತಿ ನೋಡಿ ಮೂರನ್ನು ಹೊರಗೆಳೆದ. ಅವಳು ಆ ಮೂರನ್ನೂ ಪುನಃ ಸುತ್ತಿದಳು. ಆತ ತಿರುಗಿಸಿ ಮುರುಗಿಸಿ ನೋಡಿದ. ಕಟ್ಟನ್ನು ಒಳ್ಳೆಯ ಬೀಡಿಯ ಬುಟ್ಟಿಗೆ ಹಾಕಿ ಕಾರ್ಡು ವಾಪಸು ಕೊಟ್ಟ.

"ಕುಡಿಯಲಿಕ್ಕೆ ನೀರುಂಟಾ ರವೂಫ್?"

ಆತ ಬಾಟಲಿ ಕೊಟ್ಟ. ಸೇಸಮ್ಮ ಸೆರಗಿನ ಗಂಟು ಬಿಚ್ಚಿ ಎಲ್ಲರಿಗೂ ಕಾಣುವಂತೆ ಮಾತ್ರೆ ನುಂಗಿದಳು.

"ಮಂಡೆಯದ್ದೇ," ಎಂದಳು ಸಾಲಿನತ್ತ ತಿರುಗಿ. "ನಾಳೆಯೂ ಉಂಟು. ಬೀಡಿಯೂ ಉಂಟು."