ಇಪ್ಪತ್ತನೇ ದಿನದ ಗಂಟು

“ಯಾರಾದ್ರೂ ಸತ್ತಿದ್ದಾರೇನಮ್ಮ?” ಪತ್ರಿಕೆಯವನು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೇಳಿದ.

ಆಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನ ಮುಂದೆ ನಾವು ಹನ್ನೊಂದು ಹೆಂಗಸರು ಮುಷ್ಕರ ಕೂತು ಅವತ್ತಿಗೆ ಹತ್ತೊಂಬತ್ತು ದಿನ. ಅಷ್ಟು ದಿನಕ್ಕೆ ನಮ್ಮ ಕಡೆ ತಲೆ ಹಾಕಿದ ಮೊದಲ ಪತ್ರಿಕೆಯವನು ಈ ಪುಣ್ಯಾತ್ಮ.

“ಇನ್ನೂ ಸತ್ತಿಲ್ಲ ಸ್ವಾಮಿ,” ಎಂದು ನನ್ನ ಓರಗಿತ್ತಿಯ ಕೈ ಎತ್ತಿ ತೋರಿಸಿದೆ. ಹಾಸಿಗೆ ಬಟ್ಟೆಯೊಳಗೆ ಯಾರೋ ಬಿಟ್ಟ ಸೂಜಿ ಚುಚ್ಚಿ, ಯಾವ ರೋಗಿಯದೋ ಕಾಮಾಲೆ ಅವಳಿಗೆ ಹತ್ತಿತ್ತು. ನಾವು ಕೇಳಿದ್ದು ದಪ್ಪ ರಬ್ಬರಿನ ಗ್ಲೌಸು, ಅಷ್ಟೇ. ರಕ್ತ, ಕೀವು, ಹೇಲು ಎಲ್ಲವನ್ನೂ ಬರಿಗೈಯಲ್ಲಿ ಬಾಚಿ, ಅದೇ ಕೈಯಲ್ಲಿ ಉಣ್ಣುವವರು ನಾವು.

“ರೋಗಿಗಳಿಗೆ ತೊಂದ್ರೆ ಆಗಿರ್ಬೇಕಲ್ಲ?”

“ಅಯ್ಯೋ, ಇಲ್ಲಪ್ಪ,” ಓರಗಿತ್ತಿ ಹೆಮ್ಮೆಯಿಂದಲೇ ಹೇಳಿದಳು. “ಆಪರೇಷನ್ ಕೋಣೇದು, ಬಾಣಂತೀರ್ದು ದಿನಾ ಬೆಳಿಗ್ಗೆ ಒಗೆದೇ ಕೂತ್ಕೊಳ್ಳೋದು. ಉಳಿದದ್ದನ್ನಷ್ಟೇ ಮುಟ್ಟಲ್ಲ. ಪಾಪ, ಅವರೇನ್ ಮಾಡಿದ್ರು?”

ಅವನು ಪುಸ್ತಕ ಮುಚ್ಚಿದ. “ಹಂಗಾದ್ರೆ ಸುದ್ದಿ ಏನ್ ಬಂತು, ಮಣ್ಣು? ಒಂದ್ ಬಸ್ಸಿಗಾದ್ರೂ ಕಲ್ಲು ಹೊಡೀರಿ, ಬರ್ತೀನಿ.”

ಸೀದಾ ಮ್ಯಾನೇಜರ್ ಕೋಣೆಗೆ ಹೋದ. ಒಳಗಿಂದ ನಗು ಕೇಳಿಸಿತು. ಆಮೇಲೆ ಇಬ್ಬರೂ ಹೊರಬಂದು, ನಮ್ಮ ಬೆನ್ನ ಹಿಂದೆ ಬಟ್ಟೆ ಒಣಗುವ ತಂತಿಯ ಹತ್ತಿರ ಅದೇನೋ ಫೋಟೋ ತೆಗೆದರು.

ಮರುದಿನ ಪತ್ರಿಕೆಯಲ್ಲಿ ಮ್ಯಾನೇಜರ್ ಹಲ್ಲು ಕಿರಿದುಕೊಂಡು ನಿಂತಿದ್ದ, ಹಿಂದೆ ಹಾಲಿನಂಥ ಬಟ್ಟೆಗಳು. ‘ಸ್ವಚ್ಛತೆಗೆ ಮಾದರಿ ಈ ಆಸ್ಪತ್ರೆ’. ಒಗೆದವರು ನಾವು! ಚಿತ್ರದ ಅಂಚಿನಲ್ಲಿ ನನ್ನ ಮೊಣಕೈ ಇತ್ತು, ಉಳಿದ ನನ್ನನ್ನು ಕತ್ತರಿಸಿ ಬಿಸಾಕಿದ್ದರು. ಮುಷ್ಕರದ ಬಗ್ಗೆ ಒಂದಕ್ಷರ ಇರಲಿಲ್ಲ. ಥೂ, ಇವರ ಬಾಳಿಗಿಷ್ಟು.

“ಬೋಳೀಮಕ್ಳು!” ಓರಗಿತ್ತಿ ಸೆರಗು ಸಿಕ್ಕಿಸಿ ಎದ್ದಳು. “ಇವತ್ತು ಈ ಒಂದ್ ಕೊಳೆ ಬಟ್ಟೆ ಗಂಟು ಒಗೆಯೋದ್ ಬೇಡ. ಹೊತ್ಕೊಳ್ರೇ.”

ಪತ್ರಿಕೆ ಕಚೇರಿ ನಾಲ್ಕು ಬೀದಿ ಆಚೆ. ಬಾಗಿಲಲ್ಲಿ ತಡೆಯಲು ಬಂದವನು ವಾಸನೆ ಬಡಿದದ್ದೇ ಪಕ್ಕಕ್ಕೆ ಸರಿದ. ಸಂಪಾದಕನ ಗಾಜಿನ ಮೇಜಿನ ಮೇಲೆ ಓರಗಿತ್ತಿ ಗಂಟು ಬಿಚ್ಚಿ ಸುರಿದಳು. ಕಂದು ನೀರು ಅವನ ಕಾಗದಗಳ ಕೆಳಗೆ ಹರಿಯಿತು.

“ಯಾರ್ರೀ ಒಳಗ್ ಬಿಟ್ಟಿದ್ದು ಈ ಕೊಳಕು ಮುಂಡೇರನ್ನ?” ಅವನು ಗೋಡೆಗೆ ಅಂಟಿಕೊಂಡು ಕಿರುಚಿದ.

“ಒಳಗೆ ಸೂಜಿ ಇದ್ರೂ ಇರ್ಬಹುದು ಸ್ವಾಮಿ. ಕೈ ಹಾಕಿ ಹುಡುಕಿ. ಸಿಕ್ರೆ ಬರೀರಿ,” ಎಂದೆ.

“ಗ್ಲೌಸ್! ಯಾರಾದ್ರೂ ಗ್ಲೌಸ್ ತನ್ರೋ!”

ನಮ್ಮವಳೊಬ್ಬಳು ಕಿಸಕ್ಕನೆ ನಕ್ಕಳು. ಕಚೇರಿಯವರ ಹತ್ತಿರವೂ ಗ್ಲೌಸ್ ಇರಲಿಲ್ಲ. ಕಸ ಗುಡಿಸುವ ಮುದುಕ ಪೊರಕೆ ಹಿಡಿದು ಓಡಿ ಬಂದ.

“ಏನ್ ಮುಖ ನೋಡ್ತೀಯೋ? ಎತ್ತು!” ಸಂಪಾದಕ ಗದರಿದ.

ಮುದುಕ ಬಗ್ಗಿ ಬರಿಗೈ ಚಾಚಿದ. ಓರಗಿತ್ತಿ ಅವನ ಮಣಿಕಟ್ಟು ಹಿಡಿದುಕೊಂಡಳು. “ಮುಟ್ಬೇಡ ಕಣಣ್ಣ. ನನಗಾಗಿರೋದು ಸಾಕು.”

ಮುದುಕ ಅವಳ ಹಳದಿ ಕಣ್ಣುಗಳನ್ನು ನೋಡಿದ. ಸಂಪಾದಕನನ್ನು ನೋಡಿದ. ಆಮೇಲೆ ಪೊರಕೆಯನ್ನು ಬಾಗಿಲಿಗೆ ಒರಗಿಸಿ, ಬಂದು ನಮ್ಮ ಪಕ್ಕ ನೆಲದ ಮೇಲೆ ಕೂತ.