ಇಳಿಯದ ತೂಕ

“ಏನಮ್ಮಾ, ಗಾಡಿಗೆ ಕದ್ದುಮುಚ್ಚಿ ಊಟ ಹಾಕ್ತಿದೀರೇನು?” ಅಂದ ಲಾರಿ ತೂಗುವ ವೇಬ್ರಿಜ್ಜಿನವನು, ಕಿಟಕಿಯಿಂದ ತಲೆ ಹೊರಗೆ ಹಾಕಿ. “ಹೋದ ಸಲಕ್ಕೂ ಈ ಸಲಕ್ಕೂ ಇಳಿದಿರೋದು ಒಂದು ಚೀಲ ಸಿಮೆಂಟಿನಷ್ಟೂ ಇಲ್ಲ.”

ಬೆಳಗಿನಿಂದ ಔಷಧಿ ವ್ಯಾನು ಓಡಿಸಿ ಬಂದಿದ್ದ ನನ್ನ ತಂಗಿ, ತೂಗಿ ಮುಗಿದ ನಮ್ಮ ಗಾಡಿಯನ್ನು ಮತ್ತೆ ಹತ್ತಿ, ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಹಾಗೇ ಕೂತಳು. ರಸ್ತೆ ಬದಿಯಲ್ಲಿ ನಿಂತಿದ್ದ ನನ್ನ ಯಜಮಾನರು ಬೇರೆ ಎತ್ತಲೋ ನೋಡುತ್ತಿದ್ದರು. ಅವರು ವೆಲ್ಡರು, ಬೀದಿಯವರೆಲ್ಲ ಕಿಡಿಯಣ್ಣ ಅಂತಲೇ ಕರೆಯುವುದು. ಬೇರೆ ದಿನವಾಗಿದ್ದರೆ ವೇಬ್ರಿಜ್ಜಿನವನ ಒಂದು ಮಾತಿಗೆ ನಾಲ್ಕು ತಿರುಗಿಸಿ ಕೊಡುತ್ತಿದ್ದ ಮನುಷ್ಯ ಅವತ್ತು ಚಪ್ಪಲಿಯ ತುದಿಯಿಂದ ಒಂದು ಕಲ್ಲನ್ನು ಅತ್ತಿತ್ತ ಉರುಳಿಸುತ್ತಾ ನಿಂತುಬಿಟ್ಟರು.

ಗಾಡಿ ಅಂದರೆ ಅದೂ ಒಂದು ಗಾಡಿಯೇ? ಸಾಮಾನು ಸಾಗಿಸಿ ಸವೆದ ಹಳೇ ಟ್ರಕ್ಕಿನ ಚಾಸಿ, ಅದರದ್ದೇ ಕೆಮ್ಮುವ ಎಂಜಿನ್ನು, ಮೈಗಿಂತ ದೊಡ್ಡ ಚಕ್ರ, ಮೇಲೊಂದು ಪೈಪಿನ ಪಂಜರ. ಬಾಗಿಲಿಲ್ಲ, ಗಾಜಿಲ್ಲ, ಹಿಂದಿನ ತೊಟ್ಟಿಯಂತೂ ಯಾವಾಗಲೋ ಗುಜರಿಗೆ ಹೋಯಿತು. ಇದರಲ್ಲಿ ಬಂಡೆ ಹತ್ತುತ್ತಾರೆ. ಓಟವಲ್ಲ, ಬರೀ ಹತ್ತುವುದು. ಹಲ್ಲಿ ಗೋಡೆ ಹತ್ತಿದ ಹಾಗೆ ಒಂದು ಚಕ್ರ ಊರಿ, ಇನ್ನೊಂದನ್ನು ಎತ್ತಿ, ಉಸಿರು ಬಿಗಿಹಿಡಿದು. ನೋಡುವವರಿಗೆ ಆಕಳಿಕೆ ಬರುವಷ್ಟು ನಿಧಾನ. ನನ್ನ ತಂಗಿಗೆ ಮಾತ್ರ ಅದೇ ಪ್ರಾಣ.

ಭಾನುವಾರ ಸ್ಪರ್ಧೆ. ಹಗುರ ಗಾಡಿಗಳ ಗುಂಪಿಗೆ ಒಂದು ತೂಕದ ಮಿತಿಯಿದೆ. ಅದರೊಳಗೆ ಬಂದರೆ ಅವಳು ಕಣಕ್ಕೆ ಇಳಿಯಬಹುದು. ಬರದಿದ್ದರೆ ಭಾರದ ಗುಂಪಿಗೆ ಹೋಗಿ ರಾಕ್ಷಸ ಎಂಜಿನ್ನುಗಳ ಮುಂದೆ ನಿಲ್ಲಬೇಕು. ಅದಕ್ಕಿಂತ ಮನೆಯಲ್ಲಿ ಮುಸುಕು ಹೊದ್ದು ಮಲಗುವುದೇ ವಾಸಿ. ಹೋದ ವರ್ಷ ಹತ್ತುವಾಗ ಗಾಡಿ ಹಿಂದಕ್ಕೆ ಮಗುಚಿ ಅವಳ ಭುಜದ ಮೂಳೆ ಮುರಿದಿತ್ತು. ಮೂಳೆ ಕೂಡಿದ ಮೇಲೆ ಅವಳಿಗಿದ್ದ ಯೋಚನೆ ಒಂದೇ: ಅದೇ ಬಂಡೆಯನ್ನು ಇನ್ನೊಂದು ಸಲ ಹತ್ತಬೇಕು. ಅದಕ್ಕೆಂದೇ ಇದೇ ಗಾಡಿಯನ್ನು ಮತ್ತೆ ಕಟ್ಟಿದ್ದು.

ನಮ್ಮ ಮನೆಯಲ್ಲಿ ಆಮೇಲೆ ಕಬ್ಬಿಣ ಬಿಟ್ಟರೆ ಬೇರೆ ಮಾತೇ ಇಲ್ಲ. ಅಂಗಳವೇ ವರ್ಕ್‌ಶಾಪು, ಪಕ್ಕದ ಕೋಣೆ ನನ್ನದು. ನಾನು ವಾಹನಗಳ ಸೀಟು ಹೊಲಿಯುವವಳು. ಯಾವ ಪಾತ್ರೆ ಮುಟ್ಟಿದರೂ ಕಬ್ಬಿಣ ಉಜ್ಜುವ ಗ್ರೈಂಡರಿನ ಪುಡಿ. ತೂಕ ಇಳಿಸಲಿಕ್ಕೆ ಅಂತ ಗಾಡಿಯ ಪ್ಲೇಟುಗಳಿಗೆಲ್ಲ ತೂತು ಕೊರೆದು, ಬಿದ್ದ ಬಿಲ್ಲೆಗಳು ಬಕೆಟ್ಟು ತುಂಬಿದವು. ಬಟ್ಟೆ ಒಗೆಯಲು ಹೋದರೆ ಆ ಬಕೆಟ್ಟೇ ಕೈಗೆ ಬರಬೇಕೇ? ಇಷ್ಟೆಲ್ಲ ಕೊರೆದು, ಕತ್ತರಿಸಿ, ಬಿಚ್ಚಿ ಎಸೆದರೂ ತೂಕ ಮಾತ್ರ ಇಳಿಯಲೊಲ್ಲದು.

ವೇಬ್ರಿಜ್ಜಿನಿಂದ ಬಂದ ಮಾರನೆಯ ಮಧ್ಯಾಹ್ನ ತಂಗಿ ವ್ಯಾನಿಗೆ ರಜೆ ಹಾಕಿ, ಸ್ಪ್ಯಾನರು, ಸೀಮೆಸುಣ್ಣ ಹಿಡಿದು ಗಾಡಿಯ ಕೆಳಗೆ ನುಗ್ಗಿದಳು. ಯಜಮಾನರು ಊಟ ಮಾಡುತ್ತಿದ್ದರು. ಅವಳು ಚಾಸಿಯನ್ನು ತುದಿಯಿಂದ ಬಡಿಯುತ್ತಾ ಬಂದಳು. ಠಣ್, ಠಣ್, ಠಣ್. ಆಮೇಲೆ ದಪ್. ಮತ್ತೊಂದಿಷ್ಟು ಠಣ್, ಮತ್ತೆ ದಪ್. ಒಂದೊಂದು ದಪ್ಪಿಗೂ ಯಜಮಾನರ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಲ್ಲುತ್ತಿತ್ತು. ಆಗಲೇ ನನಗೆ ಅರ್ಧ ಗೊತ್ತಾಯಿತು.

ಅವಳು ಹೊರಗೆ ಬಂದಾಗ, ದಪ್ ಅಂದಲ್ಲೆಲ್ಲ ಗುರುತು ಹಾಕಿ ಕೈಯಲ್ಲಿದ್ದ ಸೀಮೆಸುಣ್ಣ ಚೂರಾಗಿತ್ತು. ಚಾಸಿಯ ಒಳಬದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆಗಳಲ್ಲಿ, ಪಟ್ಟಿಗಳು, ಮೂರು ಮೂಲೆಯ ತುಂಡುಗಳು, ಪಂಜರದ ಕಾಲುಗಳಿಗೆ ಡಬಲ್ ಪ್ಲೇಟು. ಎಲ್ಲದಕ್ಕೂ ನೀಟಾಗಿ ಕಪ್ಪು ಬಣ್ಣ. ಅವಳು ಒಂದು ಕಡೆ ಕತ್ತರಿಸಿದರೆ, ಅವಳು ವ್ಯಾನು ಹತ್ತಿ ಹೋದ ಮೇಲೆ ಇವರು ಇನ್ನೊಂದು ಕಡೆ ಸೇರಿಸಿದ್ದರು.

“ಭಾವ, ಇದೇನು?” ಅಂದಳು. ಸಿಟ್ಟಿಗೂ ಶಕ್ತಿಯಿಲ್ಲದ ದನಿ.

“ಒಂದು ಪ್ಲೇಟು ಎಷ್ಟಮ್ಮಾ ತೂಗತ್ತೆ?” ಅಂದರು ಇವರು, ತಟ್ಟೆ ನೋಡುತ್ತಾ.

“ಒಂದಲ್ಲ ಭಾವ.”

ಇವರು ಮೊದಲು ರೇಗಿದರು. ನಿನ್ನ ಅಕ್ಕನ ಸೀಟೇ ಎಮ್ಮೆಕರುವಿನ ತೂಕ ಇದೆ, ಅದನ್ನು ಯಾಕೆ ಕೇಳಲ್ಲ ಅಂದರು. ಮಾತು ಸುಳ್ಳಲ್ಲ, ಭುಜಕ್ಕೆ ಒತ್ತಬಾರದು ಅಂತ ನಾನೂ ಎಲ್ಲರೆದುರಿಗೇ ಸ್ಪಂಜಿನ ಮೇಲೆ ಸ್ಪಂಜು ತುಂಬಿದ್ದೆ. ತಂಗಿ ನಗಲಿಲ್ಲ. ಕೊನೆಗೆ ಇವರು ಕೈ ತೊಳೆದು ಬಂದು, ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದರು.

“ಅವತ್ತು ಬಂಡೆ ಮೇಲೆ ಬಾಯಿಬಿಟ್ಟಿದ್ದು ನನ್ನ ವೆಲ್ಡಿಂಗ್ ಜಾಯಿಂಟು. ನಾನು ಹಾಕಿದ್ದು.”

“ನಾನು ಬಿದ್ದ ಮೇಲೆ ಬಾಯಿಬಿಟ್ಟಿದ್ದು ಭಾವ. ನಾನು ಬಿದ್ದಿದ್ದು ಬ್ರೇಕು ಬಿಡೋ ಹೊತ್ತಲ್ಲಿ ತುಳಿದಿದ್ದಕ್ಕೆ. ನೂರು ಸಲ ಹೇಳಿದೀನಿ.”

“ಹೇಳಿದೀಯ.”

“ಭಾರ ಹೆಚ್ಚಿದಷ್ಟೂ ಬಿದ್ದಾಗ ಪೆಟ್ಟು ಜೋರು. ನಿಮಗೆ ನಾನು ಹೇಳ್ಕೊಡಬೇಕಾ? ನೀವು ಹಾಕಿದ್ದನ್ನೆಲ್ಲ ಹೊತ್ಕೊಂಡು ಮೇಲೆ ಹೋಗಬೇಕಾದವಳು ನಾನು.”

ಇವರು ಸೀಮೆಸುಣ್ಣದ ಗುರುತುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಆಮೇಲೆ ಎದ್ದು, ಗೋಡೆಗೆ ತಗಲಿಸಿದ್ದ ಗ್ರೈಂಡರು ತೆಗೆದುಕೊಂಡರು.

ಹಾಕುವುದಕ್ಕಿಂತ ತೆಗೆಯುವುದು ಕಷ್ಟ. ಹಾಕಿದ್ದು ಬೇರೆ ಇವರು. ಬಿಟ್ಟು ಬರುವ ಜಾತಿಯ ವೆಲ್ಡಿಂಗೇ ಅಲ್ಲ. ಚಾಸಿಗೆ ಗಾಯವಾಗದ ಹಾಗೆ, ಸೇರಿಸಿದ ತುಂಡು ಮಾತ್ರ ಬರುವ ಹಾಗೆ, ಮಲಗಿಕೊಂಡು, ಮುಖದ ಮೇಲೆ ಕಿಡಿ ಬೀಳಿಸಿಕೊಂಡು ಒಂದೊಂದನ್ನೇ ಕೆರೆದರು. ತಂಗಿ ಅವರ ಕಾಲ ಬಳಿ ಕೂತು, ಬಿದ್ದ ತುಂಡನ್ನು ಆಚೆ ಎಳೆದು ಹಾಕುತ್ತಿದ್ದಳು. ನೀರು, ಬಟ್ಟೆ, ಗ್ರೈಂಡರಿಗೆ ಹೊಸ ಚಕ್ರ ಕೊಡು, ಅಷ್ಟೇ ಮಾತು. ಒಳಗೆ ನಾನು ಸೀಟಿನ ಹೊಲಿಗೆ ಬಿಚ್ಚಿ ಸ್ಪಂಜು ಕಿತ್ತೆ, ಅಡಿಯ ಕಬ್ಬಿಣದ ಚೌಕಟ್ಟನ್ನೂ ತೆಗೆದು ತೆಳು ತಗಡು ಹಾಕಿಸಿದೆ. ನನ್ನ ಬೆರಳಿಗೂ ಸೂಜಿ ಹಿಡಿಯುವ ಆಸೆ ಸತ್ತುಹೋಗಿತ್ತು.

ಶುಕ್ರವಾರ ಇಳಿಹೊತ್ತಿಗೆ ಒಂದೇ ಪ್ಲೇಟು ಉಳಿಯಿತು. ಅವಳ ತಲೆಯ ಹಿಂದೆ, ಎರಡು ಪೈಪು ಕೂಡುವ ಮೂಲೆಯಲ್ಲಿ, ಅಂಗೈಯಗಲದ್ದು. ಹೋದ ವರ್ಷ ಬಾಯಿಬಿಟ್ಟಿದ್ದು ಅದೇ ಜಾಗ. ಇವರು ಗ್ರೈಂಡರು ಅಲ್ಲಿಗೆ ಒಯ್ದರು, ಆಫ್ ಮಾಡಿದರು.

“ಇದೊಂದು ಬಿಡ್ಲಾ?” ಅಂದರು. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಯಾರನ್ನೂ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ.

ತಂಗಿ ಕೈಯೆತ್ತಿ ಆ ಪ್ಲೇಟನ್ನು ಮುಟ್ಟಿ ನೋಡಿದಳು. “ಅದಿರಲಿ ಬಿಡಿ ಭಾವ,” ಅಂದಳು.

ಶನಿವಾರ ಬೆಳಿಗ್ಗೆ ಮತ್ತೆ ವೇಬ್ರಿಜ್ಜು. ತಂಗಿ ಗಾಡಿಯನ್ನು ಮೆಲ್ಲಗೆ ಕಬ್ಬಿಣದ ಹಾಸಿನ ಮೇಲೆ ತಂದು ನಿಲ್ಲಿಸಿ ಇಳಿದಳು. ಪಕ್ಕದಲ್ಲೇ ನಡೆದು ಬಂದಿದ್ದ ಯಜಮಾನರನ್ನು ಅಲ್ಲೇ ಬಿಟ್ಟು ನಾವಿಬ್ಬರೂ ಗೂಡಿನಂಥ ಆ ಆಫೀಸಿನೊಳಗೆ ಹೋದೆವು. ಕೆಂಪು ಅಂಕಿಗಳು ಓಡಿ, ತಡವರಿಸಿ, ನಿಂತವು. ಮಿತಿಗಿಂತ ಇನ್ನೂ ನಲವತ್ತು ಕಿಲೋ ಹೆಚ್ಚು.

ತಂಗಿ ಗೋಡೆಗೆ ಒರಗಿದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಇನ್ನೇನು ಕಳಚುವುದು? ಸ್ಟೀರಿಂಗೇ?

ವೇಬ್ರಿಜ್ಜಿನವನು ಕಿಟಕಿಯಿಂದ ಬಗ್ಗಿ ನೋಡಿದ. ಗಾಡಿಯ ಹೊಟ್ಟೆ ಎತ್ತರ. ಕೆಳಗಿಂದ ಆಚೆಬದಿ ಕಾಣುತ್ತದೆ. ಅಲ್ಲಿ ಒಂದು ಜೊತೆ ಕಾಲು ಚಾಚಿಕೊಂಡಿತ್ತು, ಒಂದು ಚಪ್ಪಲಿ ಕಳಚಿ ಬಿದ್ದಿತ್ತು. ಇವರು ಕಬ್ಬಿಣದ ಹಾಸಿನ ಮೇಲೇ ಕೂತು, ಚಕ್ರಕ್ಕೆ ಒರಗಿ, ಬಾಯಿ ತೆರೆದು ನಿದ್ದೆಹೋಗಿದ್ದರು.

“ಯಜಮಾನರನ್ನೂ ಸೇರಿಸಿ ತೂಗಬೇಕಾ ಅಮ್ಮಾ?” ಅಂದ ಅವನು.

ಎಬ್ಬಿಸಲು ಹೊರಟ ನನ್ನ ಸೆರಗು ಹಿಡಿದಳು ತಂಗಿ. “ಇರು ಅಕ್ಕ. ಹಿಂದೆ ಯಾರೂ ಕಾಯ್ತಿಲ್ಲವಲ್ಲ. ಸ್ವಲ್ಪ ಹೊತ್ತು ಮಲಗಲಿ.”

ವೇಬ್ರಿಜ್ಜಿನವನು ನಮ್ಮ ಕಡೆಗೆ ಒಂದು ಬೆಂಚು ತಳ್ಳಿದ. ಕೂತೆವು. ಒಂದಷ್ಟು ಹೊತ್ತಿಗೆ ಮರಳು ತುಂಬಿದ ಲಾರಿಯೊಂದು ಹಿಂದೆ ಬಂದು ನಿಂತು ಹಾರ್ನ್ ಮಾಡಿತು. ಆಚೆಬದಿಯ ಕಾಲುಗಳು ಮಡಚಿಕೊಂಡವು, ಒಂದು ಕೈ ಚಪ್ಪಲಿಗಾಗಿ ತಡಕಾಡಿತು. ಇವರು ಚಕ್ರ ಹಿಡಿದು ಎದ್ದರು, ಪ್ಯಾಂಟಿನ ಹಿಂದೆ ಕೊಡವಿಕೊಂಡರು, ಹಾಸಿನಿಂದ ಮಣ್ಣಿಗೆ ಇಳಿದರು. ಗೂಡಿನೊಳಗೆ ಕೆಂಪು ಅಂಕಿಗಳು ಸರಸರನೆ ಕೆಳಗೆ ಬಂದು, ಮಿತಿಯನ್ನು ದಾಟಿ, ಅದಕ್ಕಿಂತ ತುಸು ಕೆಳಗೆ ನಿಂತವು.